ಮಕ್ಕಳ ಜೊತೆ ದುಬಾರೆಯೋ, ನಿಸರ್ಗಧಾಮವೋ?

ಮಾರ್ಚ್‌ನಲ್ಲಿ ಮಡಿಕೇರಿಯ ನೆಂಟರ ಮನೆಗೆ ಹೊರಟಿದ್ದೀರಾ? ದಾರಿಯಲ್ಲಿ ಒಂದೇ ಕಡೆ ಇಳಿಯುವುದಾದರೆ ಮಗುವಿನ ವಯಸ್ಸು ನೋಡಿ.

ದುಬಾರೆ ಆನೆ ಶಿಬಿರದಲ್ಲಿ ಆನೆ ಸ್ನಾನ ಬೆಳಿಗ್ಗೆಯೇ. ತಡವಾದರೆ ಸುಮ್ನೆ ಹೋಗಿಬಂದಂತೆ. ಆನೆ ನೀರಲ್ಲಿ ಒಂದು ಮಗ್ಗುಲಿಗೆ ಮಲಗಿ, ಮಾವುತ ಅದರ ಕಿವಿಯ ಹಿಂದೆ ಗಸಗಸ ಉಜ್ಜುವುದನ್ನು ಶಾಲೆಗೆ ಹೋಗುವ ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ. ಆದರೆ ಹೊಳೆ ದಾಟಬೇಕು, ದೋಣಿಗೆ ಕಾಯಬೇಕು, ಬಂಡೆ ಜಾರುತ್ತದೆ. ಕಂಕುಳಲ್ಲಿ ಕೂಸಿದ್ದರೆ ನಿಮ್ಮ ಸೊಂಟ ಹೋಯ್ತು ಅಂತಲೇ ಲೆಕ್ಕ!

ನಿಸರ್ಗಧಾಮ ಕುಶಾಲನಗರದ ಹತ್ತಿರ, ಮಡಿಕೇರಿ ರಸ್ತೆಯಲ್ಲೇ ಇದೆ. ತೂಗುಸೇತುವೆ, ಬಿದಿರಿನ ನೆರಳು, ಜಿಂಕೆ. ಪುಟಾಣಿಗಳಿಗೆ ಅಷ್ಟು ಸಾಕಲ್ವಾ? ಭಾನುವಾರ ಮಾತ್ರ ಜನ ಜಾಸ್ತಿ.

ಅತ್ತೆ ಮನೆಯಲ್ಲಿ ಕಡಂಬುಟ್ಟು (ಅಕ್ಕಿ ಕಡುಬು), ಪಂದಿಕರಿ (ಹಂದಿ ಮಾಂಸದ ಸಾರು) ಕಾಯುತ್ತಿದ್ದರೆ ನಾನಂತೂ ನಿಸರ್ಗಧಾಮಕ್ಕೇ ಇಳಿಯುತ್ತೇನೆ. ದುಬಾರೆಯನ್ನು ಇನ್ನೊಂದು ಬೆಳಿಗ್ಗೆಗೆ ಇಟ್ಟುಕೊಳ್ಳಿ.