ಬೈಕಿಗೆ ಹೊಸ ಬಣ್ಣ: ಪಿಯು, ಪೌಡರ್, ರ‍್ಯಾಪ್, ಸ್ಪ್ರೇ ಡಬ್ಬಿ – ಯಾವುದು ಯಾವ ಭಾಗಕ್ಕೆ?

ಗಾಡಿಯ ಬಣ್ಣ ಬದಲಿಸಲು ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಬಣ್ಣದ ಕಾರ್ಡನ್ನು. ಅದಕ್ಕೂ ಮುಂಚೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಸುತ್ತಲಿನ ಎರಡು ಇಂಚು ಜಾಗವನ್ನು ನೋಡಿ. ಬಂಕಿನಲ್ಲಿ ಪ್ರತಿ ಸಲ ನಾಲ್ಕು ಹನಿ ಚೆಲ್ಲುವುದು ಅಲ್ಲೇ, ಬಿಸಿಲು ನೆತ್ತಿಯ ಮೇಲಿಂದ ಬಡಿಯುವುದೂ ಅಲ್ಲೇ, ಜಾಕೆಟ್ಟಿನ ಜಿಪ್ ಉಜ್ಜುವುದೂ ಅಲ್ಲೇ. ಆ ಎರಡು ಇಂಚಿನಲ್ಲಿ ಬಾಳುವ ಬಣ್ಣ ಉಳಿದೆಡೆ ಸುಲಭವಾಗಿ ಬಾಳುತ್ತದೆ. ಹಳೆಯ ಯೆಜ್ಡಿ, ಆರ್‌ಎಕ್ಸ್ 100, ಬುಲೆಟ್‌ಗಳ ಟ್ಯಾಂಕು, ಮಡ್‌ಗಾರ್ಡು, ಛಾಸಿಗಳ ಮೇಲೆ ಬೇರೆ ಬೇರೆ ವಿಧಾನಗಳನ್ನು ಮಾಡಿ, ಓಡಿಸಿ ಕಂಡುಕೊಂಡದ್ದರ ಹೋಲಿಕೆ ಇದು. ಎಲ್ಲಕ್ಕೂ ಒಂದೇ ಬಣ್ಣದ ವಿಧಾನ ಎಂಬುದಿಲ್ಲ. ಭಾಗ ನೋಡಿ ಆರಿಸಬೇಕು.

ಬಣ್ಣ ನಿಜವಾಗಿಯೂ ಬೇಕೇ?

ಮಂಕಾದ ಬಣ್ಣವೆಲ್ಲ ಸತ್ತ ಬಣ್ಣವಲ್ಲ. ಸೀಟಿನ ಕೆಳಗೆ ಮರೆಯಾಗಿರುವ ಬಣ್ಣವನ್ನು ಟ್ಯಾಂಕಿನ ಮೇಲಿನದರ ಜೊತೆ ಹೋಲಿಸಿ. ವ್ಯತ್ಯಾಸ ಬರೀ ಹೊಳಪಿನದ್ದಾದರೆ ರಬ್ಬಿಂಗ್ ಕಾಂಪೌಂಡ್, ಆಮೇಲೆ ಪಾಲಿಶ್, ಮೇಲೆ ವ್ಯಾಕ್ಸ್ ಸಾಕು. ಅರ್ಧ ದಿನದ ಕೆಲಸ. ಆದರೆ ಮೇಲಿನ ಪಾರದರ್ಶಕ ಕ್ಲಿಯರ್ ಪದರವೇ ಬಿಳಿ ಹೊಟ್ಟಿನಂತೆ ಏಳುತ್ತಿದ್ದರೆ ಯಾವ ಪಾಲಿಶ್ ಹಚ್ಚಿದರೂ ಪ್ರಯೋಜನವಿಲ್ಲ.

ಇನ್ನೊಂದು ಪರೀಕ್ಷೆ ತಪ್ಪದೆ ಮಾಡಿ. ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ ಟ್ಯಾಂಕಿನ ತಳಭಾಗದಲ್ಲಿ, ಕಾಣದ ಕಡೆ, ಅರ್ಧ ನಿಮಿಷ ಉಜ್ಜಿ. ಹತ್ತಿಗೆ ಬಣ್ಣ ಬಂದರೆ, ಬಣ್ಣ ಮೆತ್ತಗಾದರೆ, ಅದು ಹಾರ್ಡ್ನರ್ (ಬಣ್ಣಕ್ಕೆ ಬೆರೆಸುವ, ಗಟ್ಟಿಯಾಗಿಸುವ ದ್ರಾವಣ) ಇಲ್ಲದ ಹಳೆಯ ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಪೇಂಟು. ಅದರ ಮೇಲೆ ನೇರವಾಗಿ ಪಿಯು (ಹಾರ್ಡ್ನರ್ ಬೆರೆಸಿ ಹೊಡೆಯುವ ಪಾಲಿಯುರಿಥೇನ್ ಬಣ್ಣ) ಹೊಡೆದರೆ ಕೆಳಗಿನ ಪದರ ಥಿನ್ನರ್ ಕುಡಿದು ಸುಕ್ಕಾಗಿ ಎದ್ದು ನಿಲ್ಲುತ್ತದೆ. ಅಂಥದ್ದನ್ನು ತಗಡು ಕಾಣುವವರೆಗೆ ತೆಗೆಯಲೇಬೇಕು. ಏನೂ ಬರದಿದ್ದರೆ, ತುಕ್ಕೂ ಇಲ್ಲದಿದ್ದರೆ, ಕಂಪನಿಯ ಬಣ್ಣವನ್ನೇ ತಳಪಾಯ ಮಾಡಿಕೊಳ್ಳಬಹುದು. ಅದಕ್ಕಿಂತ ಗಟ್ಟಿ ಪ್ರೈಮರ್ ಬೇರೆ ಸಿಗದು.

ಸ್ಪ್ರೇ ಡಬ್ಬಿ

ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಡಬ್ಬಿ ಅಗ್ಗ, ಕೈಗೆ ಬೇಗ ಒಗ್ಗುತ್ತದೆ, ಒಣಗಿದ ದಿನ ಚೆನ್ನಾಗಿಯೇ ಕಾಣುತ್ತದೆ. ಟ್ಯಾಂಕಿಗೆ ಮಾತ್ರ ಬೇಡ. ಪೆಟ್ರೋಲ್ ಬಿದ್ದ ಹನಿಯನ್ನು ಒಂದು ನಿಮಿಷ ಬಿಟ್ಟು ಒರೆಸಿದರೆ ಬಟ್ಟೆಗೆ ಬಣ್ಣ ಬರುತ್ತದೆ. ಈಗಿನ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದರಿಂದ ಮೆತ್ತಗಾಗುವುದು ಇನ್ನೂ ಬೇಗ. ಬ್ಯಾಟರಿ ಬಾಕ್ಸ್, ಸ್ಟ್ಯಾಂಡು, ನಂಬರ್ ಪ್ಲೇಟಿನ ಹಿಂದಿನ ಪಟ್ಟಿ ಇಂಥವಕ್ಕೆ ಧಾರಾಳವಾಗಿ ಬಳಸಿ. ಸೈಲೆನ್ಸರಿಗೆ ಶಾಖ ತಡೆಯುವ ಡಬ್ಬಿಯೇ ಬೇರೆ. ಹೊಡೆದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡಿ, ಆರಿಸಿ, ಮತ್ತೆ ಬಿಸಿ ಮಾಡಿದರಷ್ಟೇ ಆ ಬಣ್ಣ ಕಚ್ಚಿಕೊಳ್ಳುತ್ತದೆ.

ತಳದಲ್ಲಿ ಗುಂಡಿ ಇರುವ 2ಕೆ (ಎರಡು ಭಾಗ ಬೆರೆಯುವ) ಕ್ಲಿಯರ್ ಡಬ್ಬಿ ಬೇರೆ ಜಾತಿಯದ್ದು. ಗುಂಡಿ ಒತ್ತಿದಾಗ ಒಳಗಿನ ಹಾರ್ಡ್ನರ್ ಬೆರೆಯುತ್ತದೆ. ಆಮೇಲೆ ಒಂದೆರಡು ದಿನದೊಳಗೆ ಮುಗಿಸಬೇಕು. ಪೆಟ್ರೋಲ್ ತಡೆಯುತ್ತದೆ. ಹೆಡ್‌ಲೈಟ್ ಬಟ್ಟಲು, ಒಂದು ಮಡ್‌ಗಾರ್ಡು ಇಷ್ಟಕ್ಕೆ ಒಪ್ಪುವ ಆಯ್ಕೆ.

ಪಿಯು ಪೇಂಟಿಂಗ್

ಟ್ಯಾಂಕಿಗೆ ಇದಕ್ಕೆ ಸಾಟಿ ಇಲ್ಲ. ಆದರೆ ಇದರ ಮುಕ್ಕಾಲು ಪಾಲು ಕೆಲಸ ಬಣ್ಣ ಬೀಳುವ ಮೊದಲೇ ಮುಗಿದಿರುತ್ತದೆ, ಕೆಡುವುದೂ ಅಲ್ಲೇ.

ಟ್ಯಾಂಕ್ ಬಿಚ್ಚಿ ಪೆಟ್ರೋಲ್ ಖಾಲಿ ಮಾಡಿ, ಮುಚ್ಚಳ, ಪೆಟ್ರೋಲ್ ಕಾಕ್, ಫ್ಲೋಟ್ ಎಲ್ಲ ತೆಗೆಯಬೇಕು. ಒಳಗಿನ ತುಕ್ಕು ತೆಗೆಯುವುದು, ತೂತು ಮುಚ್ಚುವುದು, ಸೋಪಿನ ನೀರು ಹಚ್ಚಿ ಗಾಳಿ ಸೋರುತ್ತದೆಯೇ ನೋಡುವುದು, ಇವೆಲ್ಲ ಹೊರಗಿನ ಬಣ್ಣಕ್ಕೆ ಮೊದಲು. ಈ ಕ್ರಮ ತಪ್ಪಿದರೆ ತುಕ್ಕು ತೆಗೆಯುವ ಆಸಿಡ್ ಹೊಸ ಬಣ್ಣದ ಮೇಲೆ ಇಳಿದು ಗೆರೆ ಬೀಳುತ್ತದೆ. ಬೆಸುಗೆಯ ಶಾಖಕ್ಕೆ ಬಣ್ಣವೇ ಗುಳ್ಳೆ ಏಳುತ್ತದೆ. ಪೆಟ್ರೋಲ್ ಆವಿ ಉಳಿದ ಟ್ಯಾಂಕಿಗೆ ಬೆಂಕಿ ಹಿಡಿಯುವುದು ಪ್ರಾಣಕ್ಕೇ ಅಪಾಯ. ಬರೀ ಖಾಲಿ ಮಾಡಿದರೆ ಆವಿ ಹೋಗುವುದಿಲ್ಲ.

ತಗ್ಗಿಗೆ ಪುಟ್ಟಿ ಹಾಕುವಾಗ 2–3 ಮಿಲಿಮೀಟರ್ ದಪ್ಪ ಮೀರಬಾರದು. ಅದಕ್ಕಿಂತ ಆಳದ ತಗ್ಗನ್ನು ಟಿಂಕರಿಂಗ್‌ನವರು ಎಳೆದು ಸರಿಮಾಡಬೇಕು. 80 ನಂಬರ್ ಮರಳು ಕಾಗದದಿಂದ ಶುರು ಮಾಡಿ 180, 320ಕ್ಕೆ ಬರಬೇಕು. ಇಲ್ಲೊಂದು ಸಾಮಾನ್ಯ ತಪ್ಪು ನಡೆಯುತ್ತದೆ: ಧೂಳಾಗದಿರಲೆಂದು ಪುಟ್ಟಿಯನ್ನು ನೀರು ಹಾಕಿ ಉಜ್ಜುವುದು. ಪುಟ್ಟಿ ಸ್ಪಂಜಿನಂತೆ ನೀರು ಹೀರುತ್ತದೆ. ಮೇಲೆ ಪ್ರೈಮರ್ ಮುಚ್ಚಿದ ಮೇಲೆ ಆ ನೀರಿಗೆ ಹೊರಹೋಗಲು ದಾರಿ ಇಲ್ಲ. ಗಾಡಿ ಬಿಸಿಲಿನಲ್ಲಿ ನಿಲ್ಲತೊಡಗಿದ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳು ಏಳುತ್ತವೆ. ಸೂಜಿಯಿಂದ ಚುಚ್ಚಿದರೆ ಒಳಗೆ ತೇವ, ಅದರ ಕೆಳಗೆ ಕಂದು ತುಕ್ಕು. ಪುಟ್ಟಿಯನ್ನು ಒಣಗಿರುವಂತೆಯೇ ಉಜ್ಜಬೇಕು; ವಾಟರ್ ಪೇಪರ್ ಪ್ರೈಮರ್ ಬಿದ್ದ ಮೇಲಿನ ಮಾತು.

ಬರಿಯ ತಗಡಿಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಸಣ್ಣ ಗೀರು ತುಂಬುವ ಸರ್ಫೇಸರ್ ಎರಡು ಮೂರು ಕೋಟು. 600–800 ವಾಟರ್ ಪೇಪರಿನಲ್ಲಿ ಉಜ್ಜಿ ಬೇಸ್ ಬಣ್ಣ ಎರಡು ಮೂರು ತೆಳು ಕೋಟು, ನಡುವೆ 10–15 ನಿಮಿಷ ಬಿಡುವು. ಕೊನೆಗೆ ಕ್ಲಿಯರ್ ಎರಡು ಕೋಟು. ಕ್ಲಿಯರಿಗೆ ಹಾರ್ಡ್ನರ್ ಬೆರೆಸುವ ಅಳತೆ ಕೆಲವು ಕಂಪನಿಗಳದ್ದು 2:1, ಕೆಲವದ್ದು 4:1. ಡಬ್ಬಿಯ ಮೇಲಿದ್ದಂತೆ ಅಳತೆ ಬಟ್ಟಲಿನಲ್ಲೇ ಬೆರೆಸಬೇಕು. ಬೇಗ ಗಟ್ಟಿಯಾಗಲೆಂದು ಹಾರ್ಡ್ನರ್ ಹೆಚ್ಚು ಸುರಿದರೆ ಪದರ ಪೆಡಸಾಗಿ ಬಿರುಕು ಬಿಡುತ್ತದೆ. ಕಡಿಮೆಯಾದರೆ ಪೆಟ್ರೋಲಿಗೆ ಮೆತ್ತಗಾಗುತ್ತದೆ, ಪಿಯು ಮಾಡಿಸಿಯೂ ಫಲವಿಲ್ಲ. 60 ಡಿಗ್ರಿಯ ಬೂತಿನಲ್ಲಿ (ಬಣ್ಣ ಹೊಡೆದು ಒಣಗಿಸುವ ಮುಚ್ಚಿದ ಕೋಣೆ) ಅರ್ಧ ಗಂಟೆ ಇಟ್ಟರೆ ಮುಟ್ಟುವಂತಾಗುತ್ತದೆ. ಬೂತಿಲ್ಲದಿದ್ದರೆ ಒಂದು ರಾತ್ರಿ. ಪೂರ್ತಿ ಗಟ್ಟಿಯಾಗಲು ವಾರವಾದರೂ ಬೇಕು.

ಹವೆಯೂ ಲೆಕ್ಕಕ್ಕಿದೆ. ಮಳೆಗಾಲದಲ್ಲಿ ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ಬೂತಿಲ್ಲದೆ ಹೊಡೆದರೆ ಗಾಳಿಯ ತೇವ ಹಾರ್ಡ್ನರಿನ ಜೊತೆ ಸೇರಿ ಹೊಳಪು ಕೊಲ್ಲುತ್ತದೆ. ಕಂಪ್ರೆಸರಿನಲ್ಲಿ ನೀರು ಸೋಸುವ ಫಿಲ್ಟರ್ ಇಲ್ಲದಿದ್ದರೆ ಗನ್ನಿನಿಂದಲೇ ಹನಿ ಉಗುಳುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ತೊಂದರೆ ತಿರುಗುಮುರುಗು: ಮೇಲ್ಪದರ ಬೇಗ ಒಣಗಿ ಒಳಗಿನ ಥಿನ್ನರ್ ಸೂಜಿಮೊನೆಯಂಥ ತೂತು ಮಾಡಿ ಹೊರಬರುತ್ತದೆ. ಅಲ್ಲಿ ನಿಧಾನವಾಗಿ ಆರುವ ಥಿನ್ನರ್ ಬೇಕು, ಹೊಡೆಯುವುದು ಬೆಳಗಿನ ಹೊತ್ತು. ಮೀನಿನ ಕಣ್ಣಿನಂಥ ಕುಳಿಗಳು ಕಂಡರೆ ಅದು ಸಿಲಿಕೋನಿನ ಕೆಲಸ. ಹಿಂದೆ ಬಳಿದ ಟೈರ್ ಪಾಲಿಶ್ ಟ್ಯಾಂಕಿಗೆ ತಾಗಿದ್ದರೂ ಸಾಕು. ಉಜ್ಜುವ ಮೊದಲೇ ಜಿಡ್ಡು ತೆಗೆಯುವ ದ್ರಾವಣದಲ್ಲಿ ಒಂದು ಬಟ್ಟೆಯಿಂದ ಒರೆಸಿ, ಒಣಗುವ ಮುನ್ನ ಇನ್ನೊಂದು ಶುದ್ಧ ಬಟ್ಟೆಯಿಂದ ತೆಗೆಯಬೇಕು. ಒಂದೇ ಬಟ್ಟೆಯಾದರೆ ಜಿಡ್ಡು ಟ್ಯಾಂಕಿನ ತುಂಬ ಹರಡುತ್ತದೆ, ಅಷ್ಟೆ.

ಪ್ಲಾಸ್ಟಿಕ್ ಭಾಗಗಳಿಗೆ ಒಂದು ಸುಲಭ ಉಪಾಯವಿದೆ. ಒಳಬದಿಯಿಂದ ಉಗುರಿನಷ್ಟು ಚೂರು ಕೆತ್ತಿ ನೀರಿಗೆ ಹಾಕಿ. ತೇಲಿದರೆ ಪಾಲಿಪ್ರೊಪಿಲೀನ್, ಅದಕ್ಕೆ ಅಂಟಿಸುವ ವಿಶೇಷ ಪ್ರೈಮರ್ ಇಲ್ಲದೆ ಹೊಡೆದ ಬಣ್ಣ ಹಾಳೆಯಂತೆ ಸುಲಿಯುತ್ತದೆ. ಮುಳುಗಿದರೆ ಹೆಚ್ಚಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್, ಅದು ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೆಯ ಗಾಡಿಗಳಂಥ ಕ್ರೋಮ್ ಟ್ಯಾಂಕ್ ನಿಮ್ಮದಾದರೆ, ಹೊಳೆಯುವ ಕ್ರೋಮಿನ ಮೇಲೆ ಯಾವ ಬಣ್ಣವೂ ನಿಲ್ಲದು. ಪ್ಲೇಟಿಂಗ್‌ನವರಲ್ಲಿ ಕ್ರೋಮ್ ತೆಗೆಸಿ, ಇಲ್ಲವೇ ಹೊಳಪು ಪೂರ್ತಿ ಸಾಯುವಷ್ಟು ಉಜ್ಜಿ ಎಪಾಕ್ಸಿ ಹೊಡೆಸಿ. ಕ್ರೋಮ್ ಚೆನ್ನಾಗಿ ಉಳಿದಿದ್ದರೆ ದಯವಿಟ್ಟು ಅದನ್ನು ಹಾಗೆಯೇ ಬಿಡಿ.

ಮನೆಯಲ್ಲೇ ಹೊಡೆಯುವವರಿಗೆ ಒಂದು ಮಾತು: ಹಾರ್ಡ್ನರಿನಲ್ಲಿರುವ ಐಸೊಸೈನೇಟ್ ಆಸ್ತಮಾ ತರಬಲ್ಲದು. ಕರವಸ್ತ್ರ, ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಕೊಡುವ ಮಾಸ್ಕ್ ಇಲ್ಲದಿದ್ದರೆ ಈ ಕೆಲಸ ಪೇಂಟರಿಗೇ ಇರಲಿ. ಅವರೂ ಮಾಸ್ಕ್ ಹಾಕುತ್ತಾರೆಯೇ ನೋಡಿ, ಇಲ್ಲದಿದ್ದರೆ ಹಾಕಿಕೊಳ್ಳಿ ಎನ್ನಿ.

ಪೌಡರ್ ಕೋಟಿಂಗ್

ಛಾಸಿ, ಸ್ವಿಂಗ್ ಆರ್ಮ್, ಸ್ಟ್ಯಾಂಡು, ಕ್ರ್ಯಾಶ್ ಗಾರ್ಡಿಗೆ ಪಿಯುಗಿಂತ ಇದು ಮೇಲು. ಕಲ್ಲು ಸಿಡಿದರೂ ಸುಲಭಕ್ಕೆ ಚಕ್ಕೆ ಏಳದು. ಪುಡಿಯನ್ನು ವಿದ್ಯುತ್ ಸೆಳೆತದಿಂದ ಅಂಟಿಸಿ 180–200 ಡಿಗ್ರಿಯಲ್ಲಿ ಬೇಯಿಸುವುದರಿಂದಲೇ ಆ ಗಟ್ಟಿತನ. ಟ್ಯಾಂಕಿಗೆ ಆಗದಿರುವುದೂ ಅದೇ ಶಾಖದಿಂದ: ಹಳೆಯ ಟ್ಯಾಂಕುಗಳ ತೂತಿಗೆ ಹಾಕಿರುವ ಸೀಸ–ತವರದ ಬೆಸುಗೆ ಸುಮಾರು 183 ಡಿಗ್ರಿಗೇ ಕರಗತೊಡಗುತ್ತದೆ, ಪುಟ್ಟಿ ಬೆಂದು ಗುಳ್ಳೆ ಬಿಡುತ್ತದೆ, ಒಳಗೆ ಪೆಟ್ರೋಲ್ ಆವಿ ಉಳಿದಿದ್ದರೆ ಓವನ್ನಿನಲ್ಲೇ ಸ್ಫೋಟ. ಬಣ್ಣಗಳೂ ಸೀಮಿತ; ತಗ್ಗುಗಳನ್ನು ಮುಚ್ಚಿಕೊಳ್ಳುವುದಿಲ್ಲ.

ಛಾಸಿ ಕೊಡುವ ಮೊದಲು ಬೇರಿಂಗ್, ಬುಶ್, ರಬ್ಬರ್ ಎಲ್ಲ ತೆಗೆದು, ಬೋಲ್ಟ್ ಕೂರುವ ಮರೆ ತೂತುಗಳಿಗೆ ಸಿಲಿಕೋನ್ ಬಿರಡೆ ಹಾಕಿಸಿ. ಛಾಸಿ ನಂಬರಿನ ಮೇಲೆ ಶಾಖ ತಡೆಯುವ ಟೇಪ್ ಹಚ್ಚಿಸುವುದು ಎಲ್ಲಕ್ಕಿಂತ ಮುಖ್ಯ. ಪುಡಿಯ ಪದರ 60–100 ಮೈಕ್ರಾನ್. ಸವೆದ ಅಂಕಿಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಆಮೇಲೆ ಪೆನ್ಸಿಲ್ ಉಜ್ಜಿ ನಂಬರ್ ತೆಗೆಯಲು ಬಾರದೆ ಆರ್‌ಟಿಒದಲ್ಲಿ ನಿಲ್ಲಬೇಕಾಗುತ್ತದೆ. ಸ್ಯಾಂಡ್ ಬ್ಲಾಸ್ಟಿಂಗ್ ಮಾಡುವಾಗಲೂ ಅಲ್ಲಿಗೆ ಮರಳು ಹೊಡೆಯದಂತೆ ಹೇಳಿ.

ರ‍್ಯಾಪ್

ಕಂಪನಿಯ ಬಣ್ಣ ಗಟ್ಟಿಯಾಗಿರುವ, ಹೊಸದಾದ ಗಾಡಿಗೆ ಮೈಮೇಲೆ ಅಂಟಿಸುವ ಈ ಬಣ್ಣದ ಪ್ಲಾಸ್ಟಿಕ್ ಹಾಳೆ ಒಳ್ಳೆಯದು. ಬೇಡವೆನಿಸಿದಾಗ ಕಿತ್ತರೆ ಕೆಳಗಿನದು ಉಳಿದಿರುತ್ತದೆ. ಟ್ಯಾಂಕಿನಂಥ ಎರಡೂ ಕಡೆ ಬಾಗುವ ಮೈಗೆ ಕಾಸ್ಟ್ ಫಿಲ್ಮನ್ನೇ (ದ್ರವವಾಗಿ ಹರಡಿ ಒಣಗಿಸಿ ಮಾಡಿದ ಹಾಳೆ) ಕೇಳಿ. ಉರುಳೆಗಳ ನಡುವೆ ಒತ್ತಿ ಮಾಡಿದ ಅಗ್ಗದ ಕ್ಯಾಲೆಂಡರ್ಡ್ ಫಿಲ್ಮ್ ಎಳೆದು ಕೂರಿಸಿದ ಕೆಲವೇ ದಿನಕ್ಕೆ ಹಿಂದಕ್ಕೆ ಕುಗ್ಗಿ ಅಂಚಿನಲ್ಲಿ ಏಳುತ್ತದೆ. ಕೂರಿಸಿದ ಮೇಲೆ ಅಂಚುಗಳನ್ನು ಹೀಟ್ ಗನ್ನಿನಲ್ಲಿ ಸುಮಾರು 90 ಡಿಗ್ರಿಗೆ ಬಿಸಿ ಮಾಡಿದರೆ ಹಿಂದಕ್ಕೆಳೆಯುವ ಗುಣ ಸಾಯುತ್ತದೆ. ಇದರ ದುರ್ಬಲ ಜಾಗ ಮತ್ತೆ ಅದೇ ಎರಡು ಇಂಚು: ಮುಚ್ಚಳದ ಸುತ್ತಲ ಅಂಚಿಗೆ ಪೆಟ್ರೋಲ್ ಇಳಿದು ಅಂಟು ಕರಗುತ್ತದೆ. ಮುಚ್ಚಳದ ರಿಂಗ್ ಬಿಚ್ಚಿ ಅಂಚನ್ನು ಅದರ ಕೆಳಗೆ ಸೇರಿಸಿದರೆ ಬಾಳಿಕೆ ಹೆಚ್ಚು. ತಗ್ಗು, ತುಕ್ಕು, ಎದ್ದ ಬಣ್ಣ ಯಾವುದನ್ನೂ ಇದು ಮರೆಮಾಡದು. ಸರಿಯಾಗಿ ಕಚ್ಚದ ಮರುಬಣ್ಣದ ಮೇಲೆ ಅಂಟಿಸಿದರೆ ಕೀಳುವಾಗ ಬಣ್ಣವೂ ಜೊತೆಗೇ ಬರುತ್ತದೆ.

ಕಾರ್ಬನ್ ಫೈಬರ್ ಚಿತ್ತಾರಕ್ಕೆಂದು ಮಾಡುವ ಹೈಡ್ರೋ ಡಿಪ್ (ನೀರಿನ ಮೇಲೆ ತೇಲಿಸಿದ ಚಿತ್ತಾರಕ್ಕೆ ಭಾಗವನ್ನು ಮುಳುಗಿಸುವುದು) ಕೊನೆಗೂ ಪಿಯು ಕೆಲಸವೇ. ಕೆಳಗಿನ ಬೇಸು, ಮೇಲಿನ ಕ್ಲಿಯರ್ ಎರಡೂ ಸರಿಯಿದ್ದರೆ ಬಾಳುತ್ತದೆ.

ಮ್ಯಾಟ್ ಮತ್ತು ಕ್ಯಾಂಡಿ

ಹೊಳಪಿಲ್ಲದ ಮ್ಯಾಟ್ ಬಣ್ಣ ಕೇಳುವವರು ಹೆಚ್ಚು. ಅದಕ್ಕೆ ಗೀರು ಬಿದ್ದರೆ ಪಾಲಿಶ್ ಮಾಡುವಂತಿಲ್ಲ. ಉಜ್ಜಿದ ಕಡೆ ಹೊಳೆಯುವ ಕಲೆ ನಿಲ್ಲುತ್ತದೆ. ತೊಡೆ ಉಜ್ಜುವ ಜಾಗ ಕ್ರಮೇಣ ತಾನಾಗಿಯೇ ನುಣುಪಾಗುತ್ತದೆ. ಕ್ಯಾಂಡಿಯ ಚೆಲುವು ಬೇರೆಯೇ: ಬೆಳ್ಳಿ ಬೇಸಿನ ಮೇಲೆ ಪಾರದರ್ಶಕ ಬಣ್ಣದ ಕೋಟು ಹೆಚ್ಚಿದಷ್ಟೂ ಗಾಢ. ಆ ಕಾರಣಕ್ಕೇ ಒಂದು ಮೂಲೆ ಕೆಟ್ಟರೆ ಆ ಮೂಲೆಯನ್ನಷ್ಟೇ ಸರಿಮಾಡಲು ಬಾರದು, ಇಡೀ ಟ್ಯಾಂಕ್ ಮತ್ತೆ ಆಗಬೇಕು. ದಿನವೂ ಓಡುವ ಗಾಡಿಗೆ ಸಾದಾ ಬಣ್ಣ, ಹೊಳೆಯುವ ಕ್ಲಿಯರ್ ಇರಲೆಂದೇ ನಮ್ಮ ಸಲಹೆ.

ಆರ್‌ಸಿ ವಿಚಾರ

ಆರ್‌ಸಿಯಲ್ಲಿ ಬಣ್ಣದ ಕಾಲಂ ಇದೆ. ಬಣ್ಣ ಬದಲಾದರೆ ಆರ್‌ಟಿಒದಲ್ಲಿ ದಾಖಲಿಸಿ, ವಿಮಾ ಕಂಪನಿಗೂ ತಿಳಿಸಿ. ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆ ಮೊದಲು. ತಪಾಸಣೆಯಲ್ಲಿ ನೋಡುವುದು ಕಣ್ಣಿಗೆ ಕಾಣುವ ಬಣ್ಣವನ್ನಾದ್ದರಿಂದ ಇಡೀ ಗಾಡಿಗೆ ರ‍್ಯಾಪ್ ಹಾಕಿಸಿದವರಿಗೂ ಇದೇ ದಾರಿ ಒಳ್ಳೆಯದು. ಬುಲೆಟ್ ಇರುವವರು ಬಹಳ ಆಸೆಪಡುವ ಆಲಿವ್ ಹಸಿರು ಮಾತ್ರ ಬೇಡವೇ ಬೇಡ: ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದಂತೆ ಅದು ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ ಮೀಸಲು.

ಬಣ್ಣ ಆದ ಮೇಲೆ

ಪಿಯು ಆದ ಮೊದಲ ತಿಂಗಳು ವ್ಯಾಕ್ಸ್ ಬೇಡ, ಟ್ಯಾಂಕ್ ಕವರ್ ಬೇಡ; ಕವರಿನ ಕೆಳಗೆ ಸೇರುವ ಧೂಳು ವಾಟರ್ ಪೇಪರಿನ ಕೆಲಸ ಮಾಡುತ್ತದೆ. ಪೆಟ್ರೋಲ್ ಚೆಲ್ಲಿದರೆ ಉಜ್ಜದೆ ಒತ್ತಿ ತೆಗೆದು ನೀರು ಹಾಕಿ. ಪೇಂಟರಿಂದ ಮಿಕ್ಕ ಬೇಸ್ ಬಣ್ಣದಲ್ಲಿ 100 ಮಿಲಿಲೀಟರ್ ಕೇಳಿ ಪಡೆದು, ಗಾಳಿಯಾಡದ ಡಬ್ಬಿಯಲ್ಲಿ ಬಣ್ಣದ ಕೋಡ್, ತಾರೀಖು ಬರೆದಿಡಿ. ಮುಂದೆ ಮಡ್‌ಗಾರ್ಡ್ ಬದಲಿಸಬೇಕಾದಾಗ ಅದೇ ಛಾಯೆ ಸಿಗುತ್ತದೆ. ಹಾರ್ಡ್ನರ್ ಮಾತ್ರ ಇಟ್ಟುಕೊಳ್ಳಬೇಡಿ, ತೆರೆದ ಡಬ್ಬಿಗೆ ತೇವ ಸೇರಿ ಗಟ್ಟಿಯಾಗುತ್ತದೆ. ಅದನ್ನು ಬೇಕಾದಾಗ ಹೊಸದಾಗಿಯೇ ಕೊಳ್ಳಿ.