ಹಸಿರು ಮಾರ್ಬಲ್ ಹಾಸುವ ಮುನ್ನ

ರಾಯಚೂರಿನಲ್ಲಿ ಮನೆ ಕಟ್ಟಿಸುತ್ತಿರುವವರು, ಬಿಳಿ ಗೆರೆಗಳು ಬಲೆಯಂತೆ ಹರಡಿರುವ ಕಡುಹಸಿರು ಕಲ್ಲನ್ನು ನೆಲಕ್ಕೆ ಆರಿಸುವ ಮುನ್ನ ಇದನ್ನೊಮ್ಮೆ ಓದಬೇಕೆಂದು ವಿನಂತಿ. ನಮ್ಮ ಪಡಸಾಲೆಗೆ ಆ ಕಲ್ಲನ್ನು ಮಾರಿದ ಅಂಗಡಿಯವರು, ಅದು ನಮ್ಮ ಜಿಲ್ಲೆಯ ಹಟ್ಟಿ ಕಡೆಯದೇ, ಗ್ರಾನೈಟಿನಷ್ಟೇ ಗಟ್ಟಿ ಎಂದು ಹೇಳಿದ್ದರು. ಎರಡೂ ಸುಳ್ಳು. ಗೌಂಡಿ ಎಂದಿನಂತೆ ಹಸಿ ಸಿಮೆಂಟ್ ಗಾರೆಯ ಮೇಲೆ ಹಾಸಿದರು. ಕೆಲವೇ ದಿನಗಳಲ್ಲಿ ಚಪ್ಪಡಿಗಳ ಮೂಲೆಗಳು ಮೇಲೆದ್ದು ಕಾಲಬೆರಳಿಗೆ ತಾಗತೊಡಗಿದವು. ಅಂಗಡಿಯವರನ್ನು ಕೇಳಿದರೆ, ಗೌಂಡಿಯದೇ ತಪ್ಪು ಎಂಬ ಉತ್ತರ ಸಿಕ್ಕಿತು.

ಹಟ್ಟಿ–ಮಸ್ಕಿ ಶಿಲಾಪಟ್ಟಿಯ ಹಸಿರು ಶಿಲೆಯೇ ಬೇರೆ. 250 ಕೋಟಿ ವರ್ಷಗಳಿಗೂ ಹಿಂದೆ ಲಾವಾರಸವಾಗಿ ಹರಿದ ಬಸಾಲ್ಟ್, ಭೂಗರ್ಭದ ಶಾಖ ಮತ್ತು ಒತ್ತಡಕ್ಕೆ ಸಿಕ್ಕು ರೂಪಾಂತರಗೊಂಡದ್ದು ಅದು. ಅದರ ಹಸಿರಿಗೆ ಕ್ಲೋರೈಟ್, ಆಂಫಿಬೋಲ್ ಖನಿಜಗಳು ಕಾರಣ. ಹಸಿರು ಮಾರ್ಬಲ್ ಎಂದು ಮಾರಾಟವಾಗುವುದು ಬಹುಪಾಲು ಉದಯಪುರದ ದಕ್ಷಿಣಕ್ಕಿರುವ ಕೇಸರಿಯಾಜಿ ಭಾಗದ ಸರ್ಪೆಂಟಿನೈಟ್. ಭೂಮಿಯ ಆಳದ ಪೆರಿಡೊಟೈಟ್ ಶಿಲೆಯೊಳಕ್ಕೆ ನೀರು ಇಳಿದು, ಅದರಲ್ಲಿರುವ ಆಲಿವಿನ್ ಖನಿಜವು ಸರ್ಪೆಂಟಿನ್ ಆಗಿ ಮಾರ್ಪಟ್ಟಾಗ ಈ ಕಲ್ಲು ಹುಟ್ಟುತ್ತದೆ. ಆಗ ಸಾಂದ್ರತೆ ಘನ ಸೆಂಟಿಮೀಟರಿಗೆ 3.3 ಗ್ರಾಂನಿಂದ 2.6 ಗ್ರಾಂ ಆಸುಪಾಸಿಗೆ ಇಳಿದು ಶಿಲೆ ಉಬ್ಬುತ್ತದೆ, ಕಬ್ಬಿಣದ ಒಂದು ಪಾಲು ಆಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಖನಿಜವಾಗಿ ಬೇರ್ಪಡುತ್ತದೆ. ನಮ್ಮಲ್ಲಿ ಉಳಿದಿದ್ದ ತುಂಡಿಗೆ ಫ್ರಿಜ್ಜಿನ ಬಾಗಿಲ ಆಯಸ್ಕಾಂತವನ್ನು ಹಿಡಿದಾಗ ಅದು ಮೆಲ್ಲಗೆ ಅಂಟಿಕೊಂಡಿತು. ಚಾಕುವಿನ ಮೊನೆಯಿಂದ ಗೀಚಿದಾಗ ಬಿಳಿಯ ಗೀರು ಆಳವಾಗಿಯೇ ಬಿದ್ದಿತು. ಗ್ರಾನೈಟಿನ ಮೇಲೆ ಹಾಗೆ ಬೀಳುವುದಿಲ್ಲ.

ಸರ್ಪೆಂಟಿನ್ನಿನ ತೂಕದಲ್ಲಿ ಸುಮಾರು ಶೇ. 13ರಷ್ಟು ನೀರೇ ಇದ್ದರೂ ಅದು ಹರಳಿನೊಳಗೆ ಬಂಧಿತವಾದದ್ದು, ಕಲ್ಲು ಬಾಗಲು ಅದು ಕಾರಣವಲ್ಲ. ಹಸಿ ಗಾರೆಯ ತೇವವನ್ನು ತಳಭಾಗ ಹೀರಿ ಹಿಗ್ಗಿದಾಗ, ಒಣಗಿರುವ ಮೇಲ್ಭಾಗ ಅಷ್ಟು ಹಿಗ್ಗದೆ ಚಪ್ಪಡಿ ಬಾಗುತ್ತದೆ. ಆದ್ದರಿಂದ ಈ ಕಲ್ಲೇ ಬೇಕೆಂದಿದ್ದರೆ ನೀರು ಬೆರೆಸುವ ಗಾರೆಯನ್ನು ಬಿಟ್ಟು, ಪೂರ್ತಿ ಒಣಗಿದ ನೆಲದ ಮೇಲೆ ಎಪಾಕ್ಸಿ ಅಂಟಿನಿಂದ ಕೂರಿಸಬೇಕು. ಅಡುಗೆಮನೆಯ ಕಟ್ಟೆಗಂತೂ ಬೇಡವೇ ಬೇಡ. ಬಿಳಿ ಗೆರೆಗಳಲ್ಲಿ ಹುಳಿಗೆ ಕರಗುವ ಕ್ಯಾಲ್ಸೈಟ್ ಖನಿಜ ಇದ್ದರೆ ನಿಂಬೆರಸ ಬಿದ್ದಲ್ಲೆಲ್ಲ ಹೊಳಪು ಹೋಗುತ್ತದೆ.

ಇನ್ನೊಂದು ವಿಷಯವನ್ನು ಯಾವ ಅಂಗಡಿಯವರೂ ತಾವಾಗಿ ಹೇಳುವುದಿಲ್ಲ. ಕೆಲವು ಸರ್ಪೆಂಟಿನೈಟ್‌ಗಳಲ್ಲಿ ಕ್ರೈಸೊಟೈಲ್ ಎಂಬ ಕಲ್ನಾರಿನ (ಆಸ್ಬೆಸ್ಟಾಸ್) ಎಳೆಗಳಿರುತ್ತವೆ, ಅದರ ದೂಳು ಕ್ಯಾನ್ಸರ್‌ಕಾರಕ. ಹಾಸಿದ ಕಲ್ಲಿನಿಂದ ಅಂಥ ಭಯವಿಲ್ಲ. ಆದರೆ ಕತ್ತರಿಸುವಾಗ ನೀರು ಹಾಯಿಸುತ್ತಲೇ ಕತ್ತರಿಸಬೇಕು, ಕೆಲಸಗಾರರಿಗೆ ಸೂಕ್ಷ್ಮ ದೂಳನ್ನು ತಡೆಯುವ ಮಾಸ್ಕ್ ಕೊಡಿಸಬೇಕು, ಮಕ್ಕಳನ್ನು ದೂರವಿಡಬೇಕು.