ಬಾಯ್ಲರ್ ಪ್ರೆಶರ್ ಟ್ರಾನ್ಸ್‌ಮಿಟರ್: ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಮೂರು ವರ್ಷ ಬಳಸಿದ ಮೇಲೆ

ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ನಾನು ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಭತ್ತ ಬೇಯಿಸಲು, ಒಣಗಿಸಲು ನಮಗೆ ಹಬೆ ಬೇಕು. ಬಾಯ್ಲರ್ ಹೊಟ್ಟಿನಲ್ಲಿ ಉರಿಯುತ್ತದೆ. ಹಬೆಯ ಪ್ರೆಶರ್ ನೋಡಿಕೊಂಡು ಹೊಟ್ಟಿನ ಫೀಡರ್ ಮತ್ತು ಐಡಿ ಫ್ಯಾನ್ (ಹೊಗೆ ಎಳೆಯುವ ಫ್ಯಾನ್) ವೇಗ ತಾನಾಗಿಯೇ ಹೆಚ್ಚು ಕಡಿಮೆ ಆಗುತ್ತದೆ. ಆ ಪ್ರೆಶರ್ ಅನ್ನು ಪ್ಯಾನೆಲ್‌ಗೆ ಹೇಳುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಟ್ರಾನ್ಸ್‌ಮಿಟರ್. ಅಂಗಡಿಯಲ್ಲಿ ಕೆಲವರು ಟ್ರಾನ್ಸ್‌ಡ್ಯೂಸರ್ ಅನ್ನುತ್ತಾರೆ, ಕೆಲವರು ಸುಮ್ನೆ ಸೆನ್ಸರ್ ಅನ್ನುತ್ತಾರೆ.

ಈಗಿನದು ಮೂರು ವರ್ಷದಿಂದ ಸರಿಯಾಗಿ ನಡೆಯುತ್ತಿದೆ. ಅದಕ್ಕೂ ಮೊದಲು ಹಾಕಿದ್ದು ನಾಲ್ಕೇ ತಿಂಗಳಲ್ಲಿ ಹೋಯಿತು. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಎರಡೂ ಒಂದೇ ಕಂಪನಿಯವು.

ಮೊದಲನೆಯದು 0-40 ಬಾರ್ ರೇಂಜಿನದು (ಬಾರ್ ಅಂದರೆ ಒತ್ತಡದ ಅಳತೆ). ಅಂಗಡಿಯಲ್ಲಿ ಅದೇ ಸ್ಟಾಕ್ ಇತ್ತು, ನಡೆಯುತ್ತದೆ ಎಂದರು, ತಂದೆವು. ನಮ್ಮ ಬಾಯ್ಲರ್ ದಿನವೂ ಓಡುವುದು 7-8 ಬಾರ್‌ನಲ್ಲಿ. ಅರ್ಧ ಪರ್ಸೆಂಟ್ ತಪ್ಪು ಎಂದು ಡಬ್ಬಿ ಮೇಲೆ ಬರೆದಿದ್ದರೆ ಅದು ಪೂರ್ತಿ ರೇಂಜಿನ ಅರ್ಧ ಪರ್ಸೆಂಟ್. 40ಕ್ಕೆ ಲೆಕ್ಕ ಹಾಕಿದರೆ 0.2 ಬಾರ್ ಆಯಿತು. 16 ಬಾರ್‌ನದು ತಂದಿದ್ದರೆ 0.08 ಮಾತ್ರ.

ರೇಂಜಿಗಿಂತ ದೊಡ್ಡ ತಪ್ಪು ಕೂರಿಸಿದ ರೀತಿಯಲ್ಲಿತ್ತು. ಸ್ಟೀಮ್ ಹೆಡರ್, ಅಂದರೆ ಹಬೆ ಹಂಚುವ ದಪ್ಪ ಪೈಪಿನ ಮೇಲೆ ಒಂದು ಗಿಡ್ಡ ನಿಪ್ಪಲ್ (ಪೈಪ್ ತುಂಡು) ಹಾಕಿ ನೇರವಾಗಿ ತಿರುಗಿಸಿಬಿಟ್ಟೆವು. 7 ಬಾರ್ ಹಬೆ ಅಂದರೆ ಸುಮಾರು 170 ಡಿಗ್ರಿ ಶಾಖ. ಟ್ರಾನ್ಸ್‌ಮಿಟರ್ ಜೊತೆ ಬಂದ ಕಾಗದದಲ್ಲಿ 85 ಡಿಗ್ರಿ ದಾಟಬಾರದು ಎಂದು ಅಚ್ಚು ಹಾಕಿದ್ದರು. ಅದನ್ನು ನಾನು ಓದಿದ್ದು ಕೆಟ್ಟ ಮೇಲೆ.

ಒಂದು ರಾತ್ರಿ ಬಾಯ್ಲರ್ ಆಪರೇಟರ್ ಅಣ್ಣ ಕರೆದರು. "ತಮ್ಮಾ, ಮುಳ್ಳಿನ ಗೇಜು ಐದೂವರೆ ತೋರಸ್ತೈತಿ, ನಿನ್ನ ಡಿಸ್‌ಪ್ಲೇ ಏಳು ಅಂತೈತಿ. ಯಾವುದು ನಂಬಲಿ?" ಮುಳ್ಳಿನ ಗೇಜೇ ಸರಿ ಇತ್ತು. ಬಾಯ್ಲರ್ ಆರಿ ತಣ್ಣಗಾದ ಮೇಲೂ ಡಿಸ್‌ಪ್ಲೇಯಲ್ಲಿ ಒಂದೂವರೆ ಬಾರ್ ನಿಂತಿತ್ತು. ಒಳಗಿನ ಸೆನ್ಸರ್ ಶಾಖಕ್ಕೆ ಕೆಟ್ಟಿತ್ತು. ಪ್ರೆಶರ್ ಸಾಕಷ್ಟಿದೆ ಎಂದು ತಿಳಿದು ಪ್ಯಾನೆಲ್ ಹೊಟ್ಟು ಕಡಿಮೆ ಬಿಡುತ್ತಿತ್ತು. ಹಬೆ ಸಾಲದೆ ಭತ್ತ ಅರೆಬೆಂದಿತು. ಕಾಳು ಕಚ್ಚಿ ನೋಡಿದರೆ ನಡುವೆ ಬಿಳಿ ಚುಕ್ಕೆ. ಮಿಲ್ಲಿಂಗ್‌ನಲ್ಲಿ ನುಚ್ಚು ಜಾಸ್ತಿ ಬಿತ್ತು. ಸಾವ್ಕಾರ್ರು ಆ ನುಚ್ಚನ್ನು ಅಂಗೈಯಲ್ಲಿ ಹಿಡಿದು ನನ್ನ ಮುಂದೆ ನಿಂತದ್ದು ಇವತ್ತಿಗೂ ಮರೆತಿಲ್ಲ.

ಎರಡನೆಯದನ್ನು ನಾನೇ ಕೂತು ಆರಿಸಿದೆ. 0-16 ಬಾರ್, ಗೇಜ್ ಮಾಡೆಲ್, 4-20 ಮಿಲಿಆಂಪ್ ಔಟ್‌ಪುಟ್ (ಪ್ರೆಶರ್ ಏರಿದಂತೆ 4ರಿಂದ 20ಕ್ಕೆ ಏರುವ ಕರೆಂಟ್), ಎರಡು ವೈರ್, ಅರ್ಧ ಇಂಚು ಥ್ರೆಡ್. ಅಬ್ಸಲ್ಯೂಟ್ ಮಾಡೆಲ್ ತಂದರೆ ಬಾಯ್ಲರ್ ನಿಂತಿದ್ದರೂ ಸುಮಾರು ಒಂದು ಬಾರ್ ತೋರಿಸುತ್ತದೆ, ಅದು ಹೊರಗಿನ ಗಾಳಿಯ ಒತ್ತಡ. ಆರ್ಡರ್ ಮಾಡುವಾಗ ಗೇಜ್ ಎಂದು ಬರೆದೇ ಕೊಡಿ.

0-16 ತಂದದ್ದರಿಂದ ಸಿಕ್ಕ ಒಂದು ಅನುಕೂಲ ನನಗೆ ತುಂಬಾ ಇಷ್ಟ. 4ರಿಂದ 20ರವರೆಗೆ 16 ಮಿಲಿಆಂಪ್, ಪ್ರೆಶರ್ ಕೂಡ 16 ಬಾರ್. ಹಾಗಾಗಿ ಒಂದು ಬಾರ್‌ಗೆ ಸರಿಯಾಗಿ ಒಂದು ಮಿಲಿಆಂಪ್. ಮಲ್ಟಿಮೀಟರ್ ಸೀರೀಸ್‌ನಲ್ಲಿ ಹಾಕಿ 11 ಬಂದರೆ 4 ಕಳೆಯಿರಿ, 7 ಬಾರ್. ಕ್ಯಾಲ್ಕುಲೇಟರ್ ಬೇಡ. ವೈರ್ ಎಲ್ಲಾದರೂ ತುಂಡಾದರೆ ಸೊನ್ನೆಗೆ ಇಳಿಯುತ್ತದೆ, ಪ್ರೆಶರ್ ಇಲ್ಲದಿದ್ದರೆ 4 ಇರುತ್ತದೆ. ಎರಡಕ್ಕೂ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ, ಅಲ್ವಾ? 0-10 ವೋಲ್ಟ್‌ನದು ಅಗ್ಗವಾಗಿ ಸಿಕ್ಕರೂ ಉದ್ದ ಕೇಬಲ್‌ಗೆ, ಡ್ರೈವ್‌ಗಳ (ಮೋಟರ್ ವೇಗ ಬದಲಿಸುವ ಯಂತ್ರಗಳ) ಪಕ್ಕದಲ್ಲಿ ಎಳೆಯುವುದಕ್ಕೆ ಬೇಡ, ಸಿಗ್ನಲ್ ಕೆಡುತ್ತದೆ. ನಾವು ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ಪ್ಯಾನೆಲ್ ಕಡೆ ಮಾತ್ರ ಅರ್ತ್ ಮಾಡಿದ್ದೇವೆ.

ಥ್ರೆಡ್ ವಿಷಯದಲ್ಲಿ ಹುಷಾರು. ಪೈಪ್ ಥ್ರೆಡ್‌ನಲ್ಲಿ ಬಿಎಸ್‌ಪಿ, ಎನ್‌ಪಿಟಿ ಎಂದು ಎರಡು ಬಗೆ ಸಿಗುತ್ತವೆ. ಅರ್ಧ ಇಂಚಿನ ಬಿಎಸ್‌ಪಿಗೂ ಎನ್‌ಪಿಟಿಗೂ ಇಂಚಿಗೆ 14 ಸುತ್ತು. ಆದರೆ ಹಲ್ಲಿನ ಕೋನ ಒಂದರದು 55 ಡಿಗ್ರಿ, ಇನ್ನೊಂದರದು 60. ಒಂದರೊಳಗೆ ಇನ್ನೊಂದು ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಕೂತಿತು ಎಂದು ಅನಿಸುತ್ತದೆ. ಹಬೆ ಬಿಟ್ಟಾಗ ಸೋರುತ್ತದೆ. ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ನಿಲ್ಲುವುದಿಲ್ಲ.

ಈ ಸಲ ನಡುವೆ ಸೈಫನ್ ಪೈಪ್ ಹಾಕಿದೆವು. ಮುಳ್ಳಿನ ಗೇಜಿನ ಕೆಳಗೆ ಸುರುಳಿ ಇರುತ್ತದಲ್ಲ, ಅದೇ. ಅದರಲ್ಲಿ ನೀರು ನಿಂತು ಹಬೆಯನ್ನು ತಡೆಯುತ್ತದೆ, ಪ್ರೆಶರ್ ಮಾತ್ರ ದಾಟುತ್ತದೆ. ಬಾಯ್ಲರ್ ಓಡುವಾಗಲೇ ಟ್ರಾನ್ಸ್‌ಮಿಟರ್ ಮೈ ಮುಟ್ಟಿ ನೋಡಿದೆ, ಕೈ ಇಟ್ಟುಕೊಂಡೇ ನಿಲ್ಲಬಹುದು. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಷನ್‌ಗೆ ಎಲ್ಲ ಬಿಚ್ಚಿದಾಗ ಸೈಫನ್ ಖಾಲಿಯಾಗುತ್ತದೆ. ಮತ್ತೆ ಕೂರಿಸುವಾಗ ಮೊದಲು ನೀರು ತುಂಬಿ, ಆಮೇಲೆ ವಾಲ್ವನ್ನು ನಿಧಾನಕ್ಕೆ ತೆರೆಯಬೇಕು. ಇದನ್ನು ಬಾಯ್ಲರ್ ಪಕ್ಕದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ.

ಟ್ರಾನ್ಸ್‌ಮಿಟರ್ ಹೆಡರ್‌ಗಿಂತ ಒಂದೂವರೆ ಮೀಟರ್ ಕೆಳಗಿದೆ. ಪೈಪಿನಲ್ಲಿ ನಿಂತ ನೀರಿನ ಭಾರಕ್ಕೆ ಸುಮಾರು 0.15 ಬಾರ್ ಜಾಸ್ತಿ ತೋರಿಸುತ್ತಿತ್ತು. ಪ್ಯಾನೆಲ್‌ನಲ್ಲಿ ಅಷ್ಟು ಕಳೆದು ಸೆಟ್ ಮಾಡಿದೆವು.

ಮೂರು ವರ್ಷದ ಲೆಕ್ಕ ಹೇಳುವುದಾದರೆ, ಹೊಸದರಲ್ಲಿ ಸೊನ್ನೆ ಪ್ರೆಶರ್‌ಗೆ 4.00 ಇದ್ದದ್ದು ಹೋದ ತಿಂಗಳು 4.03 ಇತ್ತು. ಅಂದರೆ 0.03 ಬಾರ್ ಸರಿದಿದೆ, ನಮ್ಮ ಕೆಲಸಕ್ಕೆ ಏನೂ ಅಲ್ಲ. ಬೇಸರ ಇರುವುದು ಕನೆಕ್ಟರ್ ಮೇಲೆ. ಅದರ ರಬ್ಬರ್ ಗ್ಯಾಸ್ಕೆಟ್ ಎರಡನೇ ಬೇಸಿಗೆಗೇ ಬಿರುಕು ಬಿಟ್ಟಿತು. ಹೊಟ್ಟಿನ ದೂಳು ಒಳಗೆ ಹೋಗಿ, ಮಳೆಗಾಲದಲ್ಲಿ ಟರ್ಮಿನಲ್ ಹಸಿರುಗಟ್ಟಿತು, ರೀಡಿಂಗ್ ಕುಣಿಯತೊಡಗಿತು. ಬೇರೆ ಗ್ಯಾಸ್ಕೆಟ್ ಹಾಕಿ, ನೀರು ಕೆಳಗೆ ತೊಟ್ಟಿಕ್ಕಿ ಹೋಗುವಂತೆ ಕೇಬಲನ್ನು ಬಗ್ಗಿಸಿ ಕಟ್ಟಿದ ಮೇಲೆ ಸರಿಹೋಯಿತು. ಇಷ್ಟು ದುಡ್ಡು ತೆಗೆದುಕೊಂಡು ಒಳ್ಳೆಯ ರಬ್ಬರ್ ಕೊಡಬಹುದಿತ್ತು.

ಮುಳ್ಳಿನ ಗೇಜನ್ನು ಮಾತ್ರ ನಾವು ತೆಗೆದಿಲ್ಲ. ಪ್ರತಿ ಪಾಳಿಯಲ್ಲಿ ಆಪರೇಟರ್ ಎರಡೂ ರೀಡಿಂಗ್ ಪಕ್ಕಪಕ್ಕ ಬರೆಯುತ್ತಾರೆ. ಅರ್ಧ ಬಾರ್ ವ್ಯತ್ಯಾಸ ಬಂದರೆ ನನಗೆ ಫೋನ್ ಬರುತ್ತದೆ.

ಈಗ ಫೀಡ್ ಪಂಪ್ ಲೈನಿಗೂ ಒಂದು ಆರ್ಡರ್ ಮಾಡಿದ್ದೇವೆ. ಅಲ್ಲಿ ಪಂಪ್ ಆನ್ ಆಫ್ ಆದಾಗ ನೀರು ಗುದ್ದುತ್ತದೆ. ಅದಕ್ಕೆ 0-25 ಬಾರ್ ಹೇಳಿದ್ದೇನೆ, ಗುದ್ದು ತಡೆಯಲು ಜೊತೆಗೆ ಸ್ನಬ್ಬರ್ ಒಂದು. ಗ್ಯಾಸ್ಕೆಟ್ ಎರಡು ಹೆಚ್ಚಿಗೆ ಕೊಡಿ ಎಂದೂ ಬರೆದಿದ್ದೇನೆ.